ಗಣಕತೆರೆಯ ಹೊಸ ವೇಷ: ಬಳಕೆದಾರರ ದೂರುಗಳ ಇತಿಹಾಸವೂ ಪರಿಹಾರವೂ

2012ರ ಅಕ್ಟೋಬರ್ 26ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 8 ಕಾರ್ಯಾಚರಣಾ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಹದಿನೇಳು ವರ್ಷಗಳಿಂದ ತೆರೆಯ ಎಡ ಕೆಳಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ಅದರಲ್ಲಿ ಇರಲಿಲ್ಲ. ಗಣಕವನ್ನು ಆರಿಸುವುದು ಹೇಗೆ ಎಂಬ, ಅಲ್ಲಿಯವರೆಗೆ ಕೇಳುವ ಅಗತ್ಯವೇ ಇಲ್ಲದಿದ್ದ ಪ್ರಶ್ನೆಯನ್ನು ವರ್ಷಗಟ್ಟಲೆ ಗಣಕ ಬಳಸಿದವರೂ ಕೇಳುವಂತಾಯಿತು.

ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ರೂಪ, ಬಣ್ಣ ಹಾಗೂ ಐಕಾನ್‌ಗಳ ಕುರಿತು ಅಸಮಾಧಾನ ವ್ಯಕ್ತವಾಗುವುದು ವಾಡಿಕೆ. ಇದನ್ನು ಹಳತಿನ ಮೋಹವೆಂದು ತಳ್ಳಿಹಾಕುವವರೂ ಇದ್ದಾರೆ. ಆದರೆ ಮೂರು ದಶಕಗಳ ಇತಿಹಾಸವನ್ನು ಗಮನಿಸಿದರೆ ಬೇರೊಂದು ಸಂಗತಿ ಕಾಣಿಸುತ್ತದೆ. ಹಳೆಯ ರೂಪಕ್ಕೆ ಮರಳುವ ದಾರಿಯನ್ನು ಉಳಿಸಿಕೊಟ್ಟಾಗ ಪ್ರತಿಭಟನೆ ಬೇಗನೆ ತಣ್ಣಗಾಗಿದೆ. ಆ ದಾರಿಯನ್ನು ಮುಚ್ಚಿದಾಗ ಸಂಸ್ಥೆಗಳೇ ಹಿಂದೆ ಸರಿಯಬೇಕಾಗಿ ಬಂದಿದೆ. ಈ ಬೆಳವಣಿಗೆಗಳ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ

ಇಂದು ನಮಗೆ ಪರಿಚಿತವಾದ ಗಣಕತೆರೆಯ ವಿನ್ಯಾಸ ರೂಪುಗೊಂಡದ್ದು 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ರಲ್ಲಿ. ಸ್ಟಾರ್ಟ್ ಗುಂಡಿ, ತೆರೆದ ಕಡತಗಳ ಹೆಸರನ್ನು ಸಾಲಾಗಿ ತೋರಿಸುವ ಟಾಸ್ಕ್‌ಬಾರ್, ಬಲತುದಿಯ ಗಡಿಯಾರ ಇವೆಲ್ಲ ಅದರ ಕೊಡುಗೆ. ಗುಂಡಿಯ ಮೇಲೆ 'ಸ್ಟಾರ್ಟ್' ಎಂದು ಬರೆದೇ ಇತ್ತು. ಹೊಸಬರಿಗೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಆ ಒಂದು ಪದವೇ ತಿಳಿಸುತ್ತಿತ್ತು.

2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಈ ಬೂದುಬಣ್ಣದ ತೆರೆಗೆ ನೀಲಿ, ಹಸಿರು ಬಣ್ಣಗಳನ್ನು ತುಂಬಿತು. ಸ್ಟಾರ್ಟ್ ಮೆನು ಎರಡು ಅಂಕಣಗಳಾಗಿ ಹಿಗ್ಗಿತು. ಮೈ ಕಂಪ್ಯೂಟರ್ ಮೊದಲಾದ ಐಕಾನ್‌ಗಳು ಮೆನುವಿನೊಳಗೆ ಸರಿದು, ಹೊಸ ಗಣಕದ ತೆರೆಯಲ್ಲಿ ರಿಸೈಕಲ್ ಬಿನ್ ಮಾತ್ರ ಉಳಿಯಿತು. ಇದು ಮಕ್ಕಳ ಆಟಿಕೆಯಂತಿದೆ ಎಂಬ ಟೀಕೆ ಆಗಲೂ ಬಂದಿತ್ತು. ಆದರೆ 'ಕ್ಲಾಸಿಕ್' ಎಂಬ ಆಯ್ಕೆಯನ್ನು ಕ್ಲಿಕ್ಕಿಸಿದರೆ ತೆರೆಯೂ ಮೆನುವೂ ಹಳೆಯ ರೂಪಕ್ಕೆ ಮರಳುತ್ತಿದ್ದವು. ಬೇಡವೆಂದವರು ಹಳೆಯದನ್ನೇ ಇಟ್ಟುಕೊಂಡರು, ಉಳಿದವರು ಹೊಸದಕ್ಕೆ ಒಗ್ಗಿಕೊಂಡರು.

ವಿಸ್ಟಾ ಮತ್ತು ವಿಂಡೋಸ್ 7

2007ರ ಜನವರಿ 30ರಂದು ಸಾರ್ವಜನಿಕರಿಗೆ ದೊರೆತ ವಿಂಡೋಸ್ ವಿಸ್ಟಾ, 'ಏರೋ' ಎಂಬ ಗಾಜಿನಂಥ ಪಾರದರ್ಶಕ ರೂಪವನ್ನು ತಂದಿತು. ಈ ರೂಪ ಕಾಣಿಸಬೇಕಾದರೆ ಶಕ್ತಿಯುತ ಗ್ರಾಫಿಕ್ಸ್ ಯಂತ್ರಾಂಶ ಅಗತ್ಯವಾಗಿತ್ತು. ಹಳೆಯ ಗಣಕಗಳಲ್ಲಿ ವಿಸ್ಟಾ ಕುಂಟುತ್ತ ಸಾಗಿತು. ಪ್ರತಿ ಹೆಜ್ಜೆಗೂ ಅನುಮತಿ ಕೇಳುವ ಅದರ ಭದ್ರತಾ ಕಿಟಕಿಗಳೂ ಬೇಸರ ತಂದವು. ಗುಂಡಿಯ ಮೇಲಿನ 'ಸ್ಟಾರ್ಟ್' ಪದ ಮಾಯವಾಗಿ ದುಂಡಗಿನ ಲಾಂಛನವೊಂದು ಉಳಿಯಿತು. ಆದರೂ ಕ್ಲಾಸಿಕ್ ರೂಪ ಮತ್ತು ಕ್ಲಾಸಿಕ್ ಮೆನು ವಿಸ್ಟಾದಲ್ಲಿಯೂ ಲಭ್ಯವಿದ್ದವು.

2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7 ಬಹುತೇಕರ ಮೆಚ್ಚುಗೆ ಗಳಿಸಿತು. ಅದರಲ್ಲಿಯೂ ಕೆಲವು ಸೌಲಭ್ಯಗಳು ಕೈಬಿಟ್ಟುಹೋದವು. ಟಾಸ್ಕ್‌ಬಾರ್‌ನಲ್ಲಿ ಕಡತಗಳ ಹೆಸರಿನ ಬದಲು ದೊಡ್ಡ ಐಕಾನ್‌ಗಳು ಬಂದವು. ಕ್ಲಾಸಿಕ್ ಸ್ಟಾರ್ಟ್ ಮೆನುವನ್ನು ತೆಗೆದುಹಾಕಲಾಯಿತು. ಹೆಸರುಗಳನ್ನು ಮರಳಿ ತೋರಿಸುವ ಆಯ್ಕೆ ಇದ್ದುದರಿಂದ ಮೊದಲನೆಯ ದೂರು ದೊಡ್ಡದಾಗಲಿಲ್ಲ. ಎರಡನೆಯದಕ್ಕೆ ಉತ್ತರವಾಗಿ 'ಕ್ಲಾಸಿಕ್ ಶೆಲ್' ಎಂಬ ಉಚಿತ ತಂತ್ರಾಂಶ ಅದೇ 2009ರಲ್ಲಿ ಕಾಣಿಸಿಕೊಂಡಿತು. ಸಂಸ್ಥೆ ತೆಗೆದದ್ದನ್ನು ಹೊರಗಿನವರು ಮರಳಿ ಕಟ್ಟಿಕೊಡುವ ಪರಂಪರೆ ಹೀಗೆ ಬಲಗೊಂಡಿತು.

ವಿಂಡೋಸ್ 8: ಮೂಲೆ ಬರಿದಾದಾಗ

2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದ ಬಳಿಕ ಟ್ಯಾಬ್ಲೆಟ್‌ಗಳ ಕಡೆಗೆ ಎಲ್ಲರ ಗಮನ ಹರಿಯಿತು. ಬೆರಳಿನಿಂದ ಮುಟ್ಟಿ ಬಳಸುವ ಸಾಧನಕ್ಕೂ ಮೇಜಿನ ಮೇಲಿನ ಗಣಕಕ್ಕೂ ಒಂದೇ ರೂಪ ಸಾಕು ಎಂಬ ನಿರ್ಧಾರ ವಿಂಡೋಸ್ 8ರ ತಳಹದಿಯಾಗಿತ್ತು. ಸ್ಟಾರ್ಟ್ ಮೆನುವಿನ ಬಳಕೆ ಕಡಿಮೆಯಾಗುತ್ತಿದೆ ಎಂಬ ಕಾರಣವನ್ನೂ ಮೈಕ್ರೋಸಾಫ್ಟ್ ಮುಂದಿಟ್ಟಿತ್ತು.

ಪರಿಣಾಮವಾಗಿ ಗಣಕ ಚಾಲೂ ಆದೊಡನೆ ಬಣ್ಣಬಣ್ಣದ ಚೌಕಗಳಿಂದ ತುಂಬಿದ 'ಸ್ಟಾರ್ಟ್ ಸ್ಕ್ರೀನ್' ಇಡೀ ತೆರೆಯನ್ನು ಆವರಿಸುತ್ತಿತ್ತು. ಹಳೆಯ ತೆರೆಯನ್ನು ತಲುಪಲು ಅದರಲ್ಲಿನ ಒಂದು ಚೌಕವನ್ನು ಒತ್ತಬೇಕಿತ್ತು. ಗಣಕವನ್ನು ಆರಿಸಲು ಮೌಸನ್ನು ಬಲಮೂಲೆಗೆ ಒಯ್ದು, ಅಲ್ಲಿ ಮೂಡುವ 'ಚಾರ್ಮ್ಸ್' ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಆರಿಸಿ, ಪವರ್ ಒತ್ತಿ, ಬಳಿಕ ಶಟ್‌ಡೌನ್ ಕ್ಲಿಕ್ಕಿಸಬೇಕಿತ್ತು. ಹೊಸ ಮಾದರಿಯ ತಂತ್ರಾಂಶಗಳಿಗೆ ಮುಚ್ಚುವ ಗುಂಡಿಯೇ ಇರಲಿಲ್ಲ. ಅವುಗಳನ್ನು ತೆರೆಯ ಮೇಲ್ತುದಿಯಿಂದ ಕೆಳತುದಿಯವರೆಗೆ ಎಳೆದು ಮುಚ್ಚಬೇಕಿತ್ತು.

ಮೂಲ ತೊಂದರೆ ಅವುಗಳು ಅಡಗಿದ್ದುದೇ ಆಗಿತ್ತು. ಕಣ್ಣಿಗೆ ಕಾಣುವ ಗುಂಡಿ ತಾನು ಇಲ್ಲಿದ್ದೇನೆ ಎಂದು ಹೇಳುತ್ತದೆ. ಬರಿದಾದ ಮೂಲೆ ಏನನ್ನೂ ಹೇಳುವುದಿಲ್ಲ. ಬಳಕೆಯ ಸುಲಭತೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತ ಬಂದ ತಜ್ಞ ಜೇಕಬ್ ನೀಲ್ಸನ್ 2012ರ ನವೆಂಬರ್‌ನಲ್ಲಿ ಹನ್ನೆರಡು ಮಂದಿ ಅನುಭವಿ ಬಳಕೆದಾರರೊಂದಿಗೆ ಇದನ್ನು ಪರೀಕ್ಷಿಸಿ, ಈ ವಿನ್ಯಾಸ ಹೊಸಬರಿಗೂ ನುರಿತವರಿಗೂ ನಿರಾಶಾದಾಯಕವೆಂದು ವರದಿ ಮಾಡಿದರು. ವಿಂಡೋಸ್ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟೀವನ್ ಸಿನೋಫ್‌ಸ್ಕಿ ಅದೇ ತಿಂಗಳು ಸಂಸ್ಥೆಯನ್ನು ತೊರೆದರು.

ಈ ಬಾರಿ ಕ್ಲಾಸಿಕ್ ಎಂಬ ಆಯ್ಕೆ ಇರಲಿಲ್ಲ. ಹಾಗಾಗಿ ಹಿಮ್ಮೆಟ್ಟುವ ಸರದಿ ಸಂಸ್ಥೆಯದಾಯಿತು. 2013ರ ಅಕ್ಟೋಬರ್ 17ರಂದು ಬಂದ ವಿಂಡೋಸ್ 8.1ರಲ್ಲಿ ಸ್ಟಾರ್ಟ್ ಗುಂಡಿ ಮರಳಿತು. ನೇರವಾಗಿ ಹಳೆಯ ತೆರೆಗೆ ಹೋಗುವ ಸೌಲಭ್ಯವೂ ದೊರೆಯಿತು. 2014ರ ಏಪ್ರಿಲ್‌ನ ಪರಿಷ್ಕರಣೆಯಲ್ಲಿ ಮುಚ್ಚುವ ಗುಂಡಿಯೂ ಎದುರಿಗೇ ಕಾಣುವ ಪವರ್ ಗುಂಡಿಯೂ ಬಂದವು. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ರಲ್ಲಿ ಸ್ಟಾರ್ಟ್ ಮೆನುವೇ ಮರಳಿತು. ತೆಗೆದದ್ದನ್ನು ಪೂರ್ತಿಯಾಗಿ ಹಿಂದಿರುಗಿಸಲು ಸುಮಾರು ಮೂರು ವರ್ಷ ಹಿಡಿಯಿತು.

ವಿಂಡೋಸ್ 11ರ ಪುನರಾವರ್ತನೆ

2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ಅಂಥದೇ ದೂರುಗಳು ಮತ್ತೆ ಕೇಳಿಬಂದವು. ಸ್ಟಾರ್ಟ್ ಗುಂಡಿ ಎಡಮೂಲೆಯಿಂದ ಟಾಸ್ಕ್‌ಬಾರ್‌ನ ನಡುವಿಗೆ ಸರಿಯಿತು. ಕಡತಗಳ ಹೆಸರು ತೋರಿಸುವ ಆಯ್ಕೆ ಇಲ್ಲವಾಯಿತು. 1995ರಿಂದಲೂ ಇದ್ದ, ಟಾಸ್ಕ್‌ಬಾರನ್ನು ತೆರೆಯ ಮೇಲಕ್ಕೋ ಪಕ್ಕಕ್ಕೋ ಒಯ್ಯುವ ಸೌಲಭ್ಯವನ್ನು ಆ ಆವೃತ್ತಿಯಲ್ಲಿ ಕೈಬಿಡಲಾಯಿತು. ಕಡತವನ್ನು ಎಳೆದು ಟಾಸ್ಕ್‌ಬಾರ್‌ನ ಮೇಲೆ ಬಿಡುವುದೂ ಸಾಧ್ಯವಿರಲಿಲ್ಲ.

ಬಲಗುಂಡಿ ಒತ್ತಿದಾಗ ಮೂಡುವ ಮೆನುವಿನಲ್ಲಿ ಕಟ್, ಕಾಪಿ, ರಿನೇಮ್, ಡಿಲೀಟ್ ಎಂಬ ಪದಗಳು ಹೋಗಿ ತೆಳುಗೆರೆಯ ಪುಟ್ಟ ಚಿತ್ರಗಳು ಬಂದವು. ಹೆಸರು ಬದಲಿಸಲು ಹೋದವರು ಆ ಚಿತ್ರಗಳ ನಡುವೆ ತಡಕಾಡುವಂತಾಯಿತು. ಹಳೆಯ ಮೆನು 'ಶೋ ಮೋರ್ ಆಪ್ಷನ್ಸ್' ಎಂಬ ಸಾಲಿನ ಹಿಂದೆ ಅಡಗಿತು. ಒಂದು ಕ್ಲಿಕ್ಕಿನ ಕೆಲಸ ಎರಡು ಕ್ಲಿಕ್ಕಿನದಾಯಿತು.

ಇಲ್ಲಿಯೂ ಹಿಂದೆಗೆತ ಕಂತುಗಳಲ್ಲಿ ನಡೆಯಿತು. ಎಳೆದು ಬಿಡುವ ಸೌಲಭ್ಯ 2022ರಲ್ಲಿ ಮರಳಿತು. ಕಡತಗಳ ಹೆಸರು ತೋರಿಸುವ ಆಯ್ಕೆ 2023ರಲ್ಲಿ ಬಂದಿತು. 2024ರ ಆವೃತ್ತಿಯಲ್ಲಿ ಬಲಗುಂಡಿ ಮೆನುವಿನ ಚಿತ್ರಗಳ ಜೊತೆಗೆ ಪದಗಳನ್ನು ಮತ್ತೆ ಸೇರಿಸಲಾಯಿತು.

ಹಾಗೆಂದು ಹೊಸದೆಲ್ಲವೂ ಕೆಟ್ಟದ್ದೇನಲ್ಲ. ವಿಂಡೋಸ್ 11ರಲ್ಲಿ ಸಂಗೀತ, ಚಿತ್ರ, ವಿಡಿಯೋ ಕಡತಕೋಶಗಳಿಗೆ ಬೇರೆಬೇರೆ ಬಣ್ಣ ನೀಡಲಾಗಿದೆ. ಒಂದೇ ಹಳದಿ ಬಣ್ಣದ ಕೋಶಗಳ ನಡುವೆ ಬೇಕಾದದ್ದನ್ನು ಹುಡುಕುವುದಕ್ಕಿಂತ ಇದು ಸುಲಭ. ಈ ಬದಲಾವಣೆಯ ವಿರುದ್ಧ ದೊಡ್ಡ ದನಿ ಏಳದಿರುವುದು ಗಮನಾರ್ಹ.

ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ

ಇದು ಒಂದೇ ಸಂಸ್ಥೆಯ ಕತೆಯಲ್ಲ. ಲಿನಕ್ಸ್ ಗಣಕಗಳಲ್ಲಿ ಬಳಕೆಯಾಗುವ ಗ್ನೋಮ್ ತೆರೆಯ ಮೂರನೆಯ ಆವೃತ್ತಿ 2011ರ ಏಪ್ರಿಲ್‌ನಲ್ಲಿ ಬಂದಾಗ ಕಿಟಕಿಗಳನ್ನು ಕುಗ್ಗಿಸುವ, ಹಿಗ್ಗಿಸುವ ಗುಂಡಿಗಳು ಮಾಯವಾಗಿದ್ದವು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅವರೇ ಇದನ್ನು ಕಟುವಾಗಿ ಟೀಕಿಸಿ, ಎಕ್ಸ್‌ಎಫ್‌ಸಿಇ ಎಂಬ ಸರಳ ತೆರೆಗೆ ಬದಲಾಯಿಸಿಕೊಂಡರು. ಆದರೆ ಲಿನಕ್ಸ್ ಮುಕ್ತ ತಂತ್ರಾಂಶವಾದ್ದರಿಂದ ಅತೃಪ್ತರಿಗೆ ಬೇರೊಂದು ದಾರಿ ಇತ್ತು. ಹಳೆಯ ಗ್ನೋಮ್‌ನ ಆಕರವನ್ನು ತೆಗೆದುಕೊಂಡು 'ಮಾಟೆ' ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ಮಿಂಟ್ ತಂಡ 'ಸಿನಮನ್' ಎಂಬ ಸಾಂಪ್ರದಾಯಿಕ ಶೈಲಿಯ ತೆರೆಯನ್ನು ಕಟ್ಟಿತು.

ಆಪಲ್‌ನ ಮ್ಯಾಕ್ ಗಣಕಗಳಲ್ಲಿ 2020ರ ನವೆಂಬರ್‌ನಲ್ಲಿ ಬಂದ 'ಬಿಗ್ ಸರ್' ಆವೃತ್ತಿ ಐಕಾನ್‌ಗಳನ್ನು ಮೂಲೆ ದುಂಡಾದ ಒಂದೇ ಬಗೆಯ ಚೌಕಕ್ಕೆ ಒಗ್ಗಿಸಿತು. 2025ರ ಸೆಪ್ಟೆಂಬರ್‌ನ 'ಟಾಹೋ' ಆವೃತ್ತಿ ಇನ್ನೂ ಮುಂದೆ ಹೋಗಿ, ಆ ಆಕಾರಕ್ಕೆ ಒಗ್ಗದ ಐಕಾನ್‌ಗಳನ್ನು ಬೂದುಬಣ್ಣದ ಚೌಕದೊಳಗೆ ಕೂರಿಸಿತು. 'ಲಿಕ್ವಿಡ್ ಗ್ಲಾಸ್' ಎಂಬ ಅದರ ಪಾರದರ್ಶಕ ರೂಪದಲ್ಲಿ ಹಿಂದಿನ ಚಿತ್ರ ಹಾದು ಕಂಡು ಅಕ್ಷರ ಓದಲು ಕಷ್ಟವಾಗುತ್ತದೆ ಎಂಬ ದೂರು ವ್ಯಾಪಕವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಪಾರದರ್ಶಕತೆಯನ್ನು ತಗ್ಗಿಸುವ ಆಯ್ಕೆಯೊಂದನ್ನು ಆಪಲ್ ಸೇರಿಸಿತು. ಇದರ ಪರೀಕ್ಷಾರ್ಥ ಆವೃತ್ತಿಯಲ್ಲಿ 'ಫೈಂಡರ್' ಐಕಾನ್‌ನ ನಗುಮುಖದ ಎಡಬಲ ಬಣ್ಣಗಳು ಅದಲುಬದಲಾಗಿದ್ದವು. ಟೀಕೆ ಬಂದೊಡನೆ ಮುಂದಿನ ಪರೀಕ್ಷಾರ್ಥ ಆವೃತ್ತಿಯಲ್ಲಿ ನೀಲಿ ಬಣ್ಣ ಎಡಕ್ಕೆ ಮರಳಿತು.

ದೂರುಗಳಲ್ಲಿ ಮೂರು ಬಗೆ

ಈ ಎಲ್ಲ ಅಸಮಾಧಾನಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಥಾನದ ದೂರು. ದಿನವೂ ಮಾಡುವ ಕೆಲಸವನ್ನು ಕೈ ತಾನಾಗಿ ಕಲಿಯುತ್ತದೆ. ಕತ್ತಲಲ್ಲಿಯೂ ಮನೆಯ ದೀಪದ ಗುಂಡಿ ನಮ್ಮ ಕೈಗೆ ಸಿಗುವುದು ಹೀಗೆಯೇ. ತೆರೆಯ ಮೂಲೆಗೆ ಇನ್ನೊಂದು ಅನುಕೂಲವಿದೆ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಸೂಚಕ ಮೂಲೆಯನ್ನು ದಾಟಿ ಹೋಗುವುದಿಲ್ಲವಾದ್ದರಿಂದ ಗುರಿ ತಪ್ಪುವುದಿಲ್ಲ. ಗುರಿ ದೊಡ್ಡದಾದಷ್ಟೂ ಹತ್ತಿರವಿದ್ದಷ್ಟೂ ಬೇಗ ತಲುಪಬಹುದೆಂದು 1954ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ನಿರೂಪಿಸಿದ ನಿಯಮ ಇದಕ್ಕೆ ಆಧಾರ. ವಿಂಡೋಸ್ 11ರಲ್ಲಿ ನಡುವಿಗೆ ಜೋಡಿಸಿದ ಸ್ಟಾರ್ಟ್ ಗುಂಡಿ, ಹೊಸ ತಂತ್ರಾಂಶಗಳನ್ನು ತೆರೆದಂತೆಲ್ಲ ಎಡಕ್ಕೆ ಸರಿಯುತ್ತ ಹೋಗುತ್ತದೆ. ನಿಂತಲ್ಲಿ ನಿಲ್ಲದ ಗುಂಡಿಯನ್ನು ಕೈ ಕಲಿಯುವುದು ಕಷ್ಟ.

ಎರಡನೆಯದು ಪದದ ದೂರು. ಚಿತ್ರ ಎಷ್ಟೇ ಅಂದವಾಗಿದ್ದರೂ ಅದರ ಅರ್ಥವನ್ನು ಒಮ್ಮೆ ಕಲಿಯಲೇಬೇಕು. ಉಳಿಸುವ ಕೆಲಸಕ್ಕೆ ಇಂದಿಗೂ ಬಳಕೆಯಾಗುವ ಫ್ಲಾಪಿಯ ಚಿತ್ರವೇ ಇದಕ್ಕೆ ನಿದರ್ಶನ. ಫ್ಲಾಪಿಯನ್ನು ಕಂಡೇ ಇರದ ತಲೆಮಾರು ಅದನ್ನು ಸರಿಯಾಗಿಯೇ ಒತ್ತುತ್ತದೆ, ಏಕೆಂದರೆ ಆ ಚಿತ್ರ ಬದಲಾಗಿಲ್ಲ. ಚಿತ್ರವನ್ನೂ ಬದಲಿಸಿ ಪಕ್ಕದ ಪದವನ್ನೂ ತೆಗೆದಾಗ ಬಳಕೆದಾರನಿಗೆ ಉಳಿಯುವುದು ಊಹೆ ಮಾತ್ರ.

ಮೂರನೆಯದು ಭಿನ್ನತೆಯ ದೂರು. ಸೂಸನ್ ಕೇರ್ ಅವರು 1984ರ ಮ್ಯಾಕಿಂಟಾಷ್‌ಗಾಗಿ 32 ಗುಣಿಸು 32 ಚುಕ್ಕೆಗಳ ಚೌಕಳಿಯಲ್ಲಿ ಕಪ್ಪುಬಿಳುಪು ಐಕಾನ್‌ಗಳನ್ನು ರಚಿಸಿದರು. ಬಣ್ಣವಿಲ್ಲದಿದ್ದರೂ ಅವುಗಳ ಹೊರ ಆಕಾರ ಒಂದರಂತೆ ಒಂದಿರಲಿಲ್ಲ. ಈಗ ಆಕಾರವೆಲ್ಲ ಒಂದೇ ಚೌಕವಾದರೆ ಬಣ್ಣವೊಂದೇ ಗುರುತಾಗುತ್ತದೆ. ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರಿಗೆ ಮತ್ತು ದೃಷ್ಟಿ ಮಂದವಾದ ಹಿರಿಯರಿಗೆ ಇದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕನ್ನಡಿಗರಿಗೆ ಇದರ ಸಂಬಂಧ

ನಮ್ಮಲ್ಲಿ ಅನೇಕರು ಗಣಕವನ್ನು ಕಲಿತದ್ದು ಇಂಗ್ಲಿಷ್ ಮೆನುಗಳ ಮೂಲಕ. ಇಂಗ್ಲಿಷ್ ಸರಾಗವಾಗಿ ಓದಲಾಗದವರು ಪದದ ಬದಲು 'ಎಡಗಡೆ ಮೂಲೆ, ಮೇಲಿನಿಂದ ಮೂರನೆಯದು' ಎಂದು ಸ್ಥಾನವನ್ನೇ ನೆನಪಿಟ್ಟುಕೊಳ್ಳುತ್ತಾರೆ. ಸ್ಥಾನ ಬದಲಾದಾಗ ಅವರ ಕಲಿಕೆಯೇ ಅಳಿಸಿಹೋಗುತ್ತದೆ.

ಗುಂಡಿ ಸಿಗದಿದ್ದರೆ ಹೆಸರನ್ನು ಟೈಪ್ ಮಾಡಿ ಹುಡುಕಿ ಎಂಬುದು ಸಾಮಾನ್ಯವಾಗಿ ದೊರೆಯುವ ಸಲಹೆ. ಅದಕ್ಕೆ ತಂತ್ರಾಂಶದ ಇಂಗ್ಲಿಷ್ ಕಾಗುಣಿತ ಗೊತ್ತಿರಬೇಕು. ಕೀಲಿಮಣೆ ಕನ್ನಡಕ್ಕೆ ಹೊಂದಿಕೆಯಾಗಿದ್ದರೆ ಹುಡುಕುವ ಜಾಗದಲ್ಲಿ ಕನ್ನಡ ಅಕ್ಷರಗಳೇ ಮೂಡುತ್ತವೆ. ದಿನವಿಡೀ ಕನ್ನಡದಲ್ಲಿ ಪತ್ರ ಟೈಪ್ ಮಾಡುವ ಗುಮಾಸ್ತರಿಗೆ ಇದು ನಿತ್ಯದ ಅಡಚಣೆ.

ಹೊಸ ಆವೃತ್ತಿಗಳಿಂದ ಕನ್ನಡಕ್ಕೆ ಲಾಭವೂ ಆಗಿದೆ ಎಂಬುದನ್ನು ಮರೆಯುವಂತಿಲ್ಲ. ಯೂನಿಕೋಡ್ ಕನ್ನಡದ 'ತುಂಗಾ' ಅಕ್ಷರಶೈಲಿ ದೊರೆತದ್ದು ವಿಂಡೋಸ್ ಎಕ್ಸ್‌ಪಿಯೊಂದಿಗೆ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 'ನಿರ್ಮಲಾ ಯುಐ' ಬಂದದ್ದು ಟೀಕೆಗೊಳಗಾದ ಅದೇ ವಿಂಡೋಸ್ 8ರೊಂದಿಗೆ.

ಭದ್ರತೆಯ ಜೊತೆ ಕಟ್ಟಿಕೊಂಡ ರೂಪ

ಇಷ್ಟವಿಲ್ಲದಿದ್ದರೆ ಹಳೆಯ ಆವೃತ್ತಿಯನ್ನೇ ಬಳಸಬಹುದಲ್ಲ ಎಂಬ ಪ್ರಶ್ನೆ ಸಹಜ. ವಿಷಯದ ಗಾಂಭೀರ್ಯ ಇರುವುದು ಇಲ್ಲಿಯೇ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, 8.1ಕ್ಕೆ 2023ರ ಜನವರಿ 10ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 10ರ ವೈಯಕ್ತಿಕ ಬಳಕೆದಾರರಿಗೆ ವಿಸ್ತರಿತ ಭದ್ರತಾ ಯೋಜನೆಯನ್ನು ಸಂಸ್ಥೆ ಒಂದು ವರ್ಷದ ಮಟ್ಟಿಗೆ ತೆರೆದಿತ್ತು. ಬೆಂಬಲ ನಿಂತ ಮೇಲೆ ಪತ್ತೆಯಾಗುವ ಲೋಪಗಳಿಗೆ ತೇಪೆ ಬರುವುದಿಲ್ಲ. ಅಂಥ ಗಣಕದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ.

ಅಂದರೆ ಭದ್ರತೆ ಬೇಕಾದವರು ಹೊಸ ರೂಪವನ್ನೂ ಒಪ್ಪಿಕೊಳ್ಳಲೇಬೇಕು. ಬೀಗ ಬದಲಿಸಲು ಬಂದವರು ಮನೆಯ ಬಾಗಿಲನ್ನೇ ಬೇರೆ ಗೋಡೆಗೆ ಸರಿಸಿದಂತೆ ಇದು. ಎರಡು ಬೇರೆಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ, ಹೊಸ ರೂಪದ ಬಗೆಗಿನ ಬೇಸರ ಕೆಲವರನ್ನು ಅಸುರಕ್ಷಿತ ಗಣಕಕ್ಕೆ ಅಂಟಿಕೊಳ್ಳುವಂತೆ ಮಾಡುತ್ತದೆ. ಕಲಿತದ್ದನ್ನು ಮರೆತು ಮತ್ತೆ ಕಲಿಯುವ ಶ್ರಮವನ್ನು ಯಾವ ಬೆಲೆಪಟ್ಟಿಯೂ ತೋರಿಸುವುದಿಲ್ಲ. ಕಚೇರಿಯೊಂದರಲ್ಲಿ ಆ ಶ್ರಮ ಕಳೆದುಹೋದ ಕೆಲಸದ ಗಂಟೆಗಳಾಗಿ ಕಾಣಿಸುತ್ತದೆ.

ನೀವೇನು ಮಾಡಬಹುದು?

ವಿಂಡೋಸ್ 11 ಬಳಸುವವರು ಕೆಳಗಿನ ಕ್ರಮಗಳಿಂದ ಬಹಳಷ್ಟು ಪರಿಚಿತ ರೂಪವನ್ನು ಮರಳಿ ಪಡೆಯಬಹುದು.

* ಸ್ಟಾರ್ಟ್ ಗುಂಡಿ ಎಡಮೂಲೆಗೆ ಬರಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್ ತೆರೆದು ಅಲೈನ್‌ಮೆಂಟ್ ಎಂಬಲ್ಲಿ ಲೆಫ್ಟ್ ಆರಿಸಿ.

* ತೆರೆದ ಕಡತಗಳ ಹೆಸರು ಕಾಣಬೇಕಾದರೆ ಅದೇ ಪುಟದ ಕಂಬೈನ್ ಆಯ್ಕೆಯಲ್ಲಿ ನೆವರ್ ಎಂಬುದನ್ನು ಆರಿಸಿ.

* ಹಳೆಯ ಬಲಗುಂಡಿ ಮೆನು ಬೇಕಾದಾಗ ಶಿಫ್ಟ್ ಕೀಲಿ ಒತ್ತಿಹಿಡಿದು ಬಲಗುಂಡಿ ಕ್ಲಿಕ್ಕಿಸಿ. ಕಡತವನ್ನು ಆರಿಸಿ ಎಫ್2 ಒತ್ತಿದರೆ ಹೆಸರು ಬದಲಿಸಬಹುದು.

* ದಿಸ್ ಪಿಸಿ ಐಕಾನ್ ತೆರೆಯ ಮೇಲೆ ಬೇಕಾದರೆ ಪರ್ಸನಲೈಸೇಶನ್‌ನ ಥೀಮ್ಸ್ ವಿಭಾಗದಲ್ಲಿ ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್ ನೋಡಿ.

* ಹುಡುಕುವಾಗ ಕನ್ನಡ ಅಕ್ಷರ ಮೂಡಿದರೆ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಭಾಷೆ ಬದಲಿಸಿಕೊಳ್ಳಿ.

* ಅಕ್ಷರ ಚಿಕ್ಕದೆನಿಸಿದರೆ ಆಕ್ಸೆಸಿಬಿಲಿಟಿ ವಿಭಾಗದ ಟೆಕ್ಸ್ಟ್ ಸೈಜ್‌ನಲ್ಲಿ ಗಾತ್ರ ಹೆಚ್ಚಿಸಿ.

ಮ್ಯಾಕ್ ಬಳಸುವವರು ಸಿಸ್ಟಮ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಡಿಸ್‌ಪ್ಲೇ ವಿಭಾಗದಲ್ಲಿ ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ ಆಯ್ಕೆಯನ್ನು ಚಾಲೂ ಮಾಡಿದರೆ ಅಕ್ಷರಗಳು ಸ್ಪಷ್ಟವಾಗುತ್ತವೆ. ಲಿನಕ್ಸ್ ಆಯ್ದುಕೊಳ್ಳುವವರಿಗೆ ಮಾಟೆ, ಸಿನಮನ್, ಎಕ್ಸ್‌ಎಫ್‌ಸಿಇ ತೆರೆಗಳು ಹಳೆಯ ವಿಂಡೋಸ್‌ಗೆ ಹತ್ತಿರವೆನಿಸುತ್ತವೆ.

ಸ್ಟಾರ್ಟ್ ಮೆನುವನ್ನು ಹಳೆಯ ರೂಪಕ್ಕೆ ತರುವ ಹೊರಗಿನ ತಂತ್ರಾಂಶಗಳೂ ಇವೆ. ಕ್ಲಾಸಿಕ್ ಶೆಲ್‌ನ ಅಭಿವೃದ್ಧಿ 2017ರಲ್ಲಿ ನಿಂತ ಬಳಿಕ ಸ್ವಯಂಸೇವಕರು ಅದನ್ನು 'ಓಪನ್ ಶೆಲ್' ಹೆಸರಿನಲ್ಲಿ ಮುಂದುವರಿಸಿದ್ದಾರೆ. ಇಂಥವನ್ನು ಅವುಗಳ ತಯಾರಕರಿಂದಲೇ ಪಡೆಯುವುದು ಕ್ಷೇಮ. ವಿಂಡೋಸ್‌ನ ದೊಡ್ಡ ಪರಿಷ್ಕರಣೆಯ ನಂತರ ಇವು ಕೈಕೊಡುವ ಸಾಧ್ಯತೆಯೂ ಉಂಟು.

ಹೊಸ ಆವೃತ್ತಿಗೆ ಹೋದ ಮೇಲೆ ತೀರಾ ಹೊಂದಿಕೆಯಾಗದಿದ್ದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ವಿಭಾಗದ ಗೋ ಬ್ಯಾಕ್ ಮೂಲಕ ಹಿಂದಿನದಕ್ಕೆ ಮರಳಬಹುದು. ಮನೆಯಲ್ಲಿ ಹಿರಿಯರು ಬಳಸುವ ಗಣಕವಾದರೆ ಪರಿಷ್ಕರಣೆಯ ದಿನವೇ ಮೇಲಿನ ಹೊಂದಾಣಿಕೆಗಳನ್ನು ಮಾಡಿಕೊಟ್ಟು, ಆರಿಸುವ ಗುಂಡಿ ಎಲ್ಲಿದೆ ಎಂಬುದನ್ನು ಒಮ್ಮೆ ತೋರಿಸಿಬಿಡುವುದು ಒಳಿತು.